ಜೈತುನಬಿಯ ಹುಂಜ, ಪಂಚಶೀಲಾಳ ಹೆಣ್ಣುಕೋಳಿ

ನರೋಣಾದಲ್ಲಿ ಶಾಂತಲಿಂಗಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ ಜನ ಯೋಚನೆಗೆ ಬೀಳುತ್ತಾರೆ. ಡಾಕ್ಟರ್ ಸಾಬರ ಮನೆ ಎಂದರೆ ಸಾಕು, ಬಸ್ ನಿಲ್ದಾಣದಲ್ಲಿ ಮಲಗಿದ ನಾಯಿ ಕೂಡ ಎದ್ದು ಸ್ವಲ್ಪ ದೂರ ದಾರಿ ತೋರಿಸಲು ಬರುತ್ತದೆ. ಅವರು ಡಾಕ್ಟರಾದದ್ದು ಹೇಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಪೊಲೀಸರೂ ಇದನ್ನೇ ಕೇಳುವವರಿದ್ದಾರೆ.

ಶಾಂತಲಿಂಗಪ್ಪನವರು ದನದ ದವಾಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ರಜೆ ಅರ್ಜಿ ಬರೆಯುವುದು, ಔಷಧಿ ಬಾಟಲಿಗಳ ಲೆಕ್ಕ ಇಡುವುದು, ಮೇಲಿನವರ ಕಾಗದಕ್ಕೆ ಕೂಡಲೇ ಉತ್ತರ ಬರೆಯುವುದು, ಕೆಳಗಿನವರ ಕಾಗದಕ್ಕೆ ಬರೆಯದೆ ಇರುವುದು, ಇಷ್ಟು ಅವರ ಕೆಲಸ. ದನಗಳನ್ನು ಅವರು ನೋಡಿದ್ದು ಕಿಟಕಿಯಿಂದ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಮನೆಯ ಮುಂದಿನ ಗೋಡೆಗೆ ‘ಶಾಂತಲಿಂಗಪ್ಪ, ಪಶುವೈದ್ಯ ಇಲಾಖೆ, ನಿವೃತ್ತ ಗುಮಾಸ್ತ’ ಎಂದು ಬಣ್ಣದಲ್ಲಿ ಬರೆಸಿದರು. ಆಮೇಲೆ ಪಕ್ಕದಲ್ಲೊಂದು ಮಲ್ಲಿಗೆ ಬಳ್ಳಿ ಹಬ್ಬಿತು. ಅದು ಹಬ್ಬಿದ್ದು ಬಲದಿಂದ ಎಡಕ್ಕೆ. ಮೊದಲು ಗುಮಾಸ್ತ ಹೋದ, ಆಮೇಲೆ ನಿವೃತ್ತಿ ಹೋಯಿತು, ಕೊನೆಗೆ ಇಲಾಖೆಯೂ ಹೋಯಿತು. ಉಳಿದದ್ದು ಶಾಂತಲಿಂಗಪ್ಪ ಮತ್ತು ಪಶುವೈದ್ಯ. ಹೆಂಡತಿ ಮಾಣಿಕಮ್ಮ ಕತ್ತರಿ ಹಿಡಿದು ಬಂದಾಗಲೆಲ್ಲ “ಜೀವ ಇರೋ ಬಳ್ಳಿ, ಪಾಪ” ಎಂದು ತಡೆದರು. ದಿನಾ ಬೆಳಿಗ್ಗೆ ಅದಕ್ಕೊಂದು ಚೆಂಬು ನೀರು ಹೆಚ್ಚಾಗಿಯೇ ಹಾಕಿದರು. ಇದರಲ್ಲಿ ಸುಳ್ಳು ಎಲ್ಲಿದೆ? ಬಳ್ಳಿ ಬೆಳೆಸುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ.

ಜನ ಬರತೊಡಗಿದರು. ಎಮ್ಮೆ ಮೇವು ಬಿಟ್ಟಿದೆ, ಆಡು ಕುಂಟುತ್ತಿದೆ ಎಂದರೆ ಶಾಂತಲಿಂಗಪ್ಪ ಕನ್ನಡಕ ಏರಿಸಿ “ಎರಡು ದಿನ ನೋಡ್ರಿ” ಎನ್ನುತ್ತಿದ್ದರು. ಎರಡು ದಿನದಲ್ಲಿ ಬಹಳಷ್ಟು ಪ್ರಾಣಿಗಳು ತಾವಾಗಿಯೇ ಸುಧಾರಿಸುತ್ತವೆ. ಸುಧಾರಿಸದಿದ್ದರೆ “ಛೇ, ತಡಾ ಮಾಡಿ ಬಂದ್ರಿ” ಎಂದು ನಿಟ್ಟುಸಿರು ಬಿಡುತ್ತಿದ್ದರು. ಈ ಎರಡು ಮಾತಿನ ಮೇಲೆ ಅವರ ವೈದ್ಯಕೀಯ ಸುಖವಾಗಿ ನಡೆದಿತ್ತು. ಖಂಡಪ್ಪನ ಚಹಾದ ಹೋಟೆಲಿನಲ್ಲಿ ಅವರಿಗೆಂದೇ ಬೆನ್ನಿರುವ ಕುರ್ಚಿ ಒಂದನ್ನು ಒರೆಸಿ ಇಡಲಾಗುತ್ತಿತ್ತು. ಆ ಕುರ್ಚಿಯೆಂದರೆ ಅವರಿಗೆ ಪ್ರಾಣ.

ಹೀಗಿರುವಾಗ ಒಂದು ಬೆಳಿಗ್ಗೆ ಓಣಿಯ ಇಬ್ಬರು ಹೆಂಗಸರು, ಆಚೆ ಮನೆಯ ಜೈತುನಬಿ ಮತ್ತು ಈಚೆ ಮನೆಯ ಪಂಚಶೀಲಾ, ಬುಟ್ಟಿಯೊಂದನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಶಾಂತಲಿಂಗಪ್ಪನವರ ಮನೆಯ ಕಟ್ಟೆಗೆ ಬಂದರು. ಬುಟ್ಟಿಯಲ್ಲಿ ಒಂದು ಕೋಳಿಮರಿ. ತೀರ ಚಿಕ್ಕದಲ್ಲ, ದೊಡ್ಡದೂ ಅಲ್ಲ. ಪುಕ್ಕ ಅಲ್ಲೊಂದು ಇಲ್ಲೊಂದು ಬಂದು, ಕುತ್ತಿಗೆ ಬೋಳಾಗಿ, ನೋಡುವವರಿಗೆ ಪ್ರೀತಿ ಬರದ ವಯಸ್ಸು.

“ಡಾಕ್ಟರ್ ಸಾಬ್ರ, ಇದು ಹುಂಜ ಅದನೋ ಹೆಣ್ಣ ಅದನೋ ನೋಡಿ ಹೇಳ್ರಿ” ಅಂದಳು ಪಂಚಶೀಲಾ.

ಆ ಓಣಿಯಲ್ಲಿ ಹಿಂದಿನಿಂದ ನಡೆದು ಬಂದ ಒಂದು ಕರಾರು ಇದೆ. ತತ್ತಿ ಒಬ್ಬರದು, ಕಾವಿಗೆ ಕೂತ ಕೋಳಿ ಇನ್ನೊಬ್ಬರದು ಆದರೆ, ಹುಟ್ಟಿದ ಮರಿಗಳಲ್ಲಿ ಹೆಣ್ಣೆಲ್ಲ ತತ್ತಿಯವರಿಗೆ, ಹುಂಜಗಳೆಲ್ಲ ಕಾವಿನವರಿಗೆ. ಬುಟ್ಟಿ ತುಂಬ ಮರಿಗಳಿದ್ದರೆ ಇದು ಬಹಳ ನ್ಯಾಯವಾದ ಏರ್ಪಾಡು. ಈ ಸಲ ತತ್ತಿ ಪಂಚಶೀಲಾಳದು, ಕಾವು ಜೈತುನಬಿಯ ಕೋಳಿಯದು. ಆದರೆ ಕೆಲವನ್ನು ಹದ್ದು ಒಯ್ದಿತು, ಕೆಲವನ್ನು ಬೆಕ್ಕು ಒಯ್ದಿತು, ಒಂದು ನೀರಿನ ಬಕೆಟ್ಟಿನಲ್ಲಿ ಬಿತ್ತು. ಉಳಿದದ್ದು ಇದೊಂದೇ.

“ನಮ್ಮ ಮುದಿಕೋಳಿಗಿ ನಾಯಿ ಹಿಡೀತ್ರಿ” ಎಂದಳು ಪಂಚಶೀಲಾ. “ಅದರ ವಂಶದಾಗ ಉಳಿದದ್ದು ಇದೊಂದೇ ಜೀವ. ನಮ್ಮವ್ವ ತವರಮನಿಯಿಂದ ಕೊಟ್ಟ ತಳಿ ಅದು. ಹೆಣ್ಣಾಗಿದ್ರ ನಂದು.”

“ಹುಂಜ ಆದ್ರ ನಂದು” ಎಂದಳು ಜೈತುನಬಿ. “ನಮ್ಮ ಮಗಳು ನಸ್ರೀನಳ ಗಂಡ ಮುಂದಿನ ತಿಂಗಳ ಅಫಜಲಪುರದಿಂದ ಮೊದಲ್ನೇ ಸಲ ದಾವತ್‌ಗಿ ಬರಾಕತ್ಯಾನ. ಮನ್ಯಾಗ ಬೆಳ್ಸಿದ ಹುಂಜ ಕೊಯ್ತೇನಿ ಅಂತ ಬೀಗರಿಗಿ ಫೋನಿನ್ಯಾಗ ಜಬಾನ್ ಕೊಟ್ಟೇನ್ರಿ.”

ಶಾಂತಲಿಂಗಪ್ಪ ಮರಿಯನ್ನು ನೋಡಿದರು. ಮರಿ ಶಾಂತಲಿಂಗಪ್ಪನವರನ್ನು ನೋಡಿತು. ಇಬ್ಬರಿಗೂ ಪರಸ್ಪರ ಏನೂ ತಿಳಿಯಲಿಲ್ಲ.

“ಇಷ್ಟು ಸಣ್ಣ ಕೆಲಸಕ್ಕ ನಾನೇ ಬೇಕೇನು? ಕೋಳಿ ಸಾಕಿದವ್ರು ಯಾರನ್ನರ ಕೇಳಬೇಕಿಲ್ಲೋ” ಎಂದರು.

“ಅವ್ರೆಲ್ಲ ತಿನ್ನೋರು, ಸಾಬ್ರ. ತಿನ್ನೋರ ಮಾತು ನಂಬಂಗಿಲ್ಲ” ಎಂದಳು ಜೈತುನಬಿ. “ನೀವು ಕೋಳಿನೂ ತಿನ್ನಂಗಿಲ್ಲ, ತತ್ತಿನೂ ತಿನ್ನಂಗಿಲ್ಲ. ನಿಮ್ಮ ನಾಲಿಗಿ ಯಾ ಕಡಿನೂ ವಾಲಂಗಿಲ್ಲ. ಮ್ಯಾಲ ಡಾಕ್ಟರ್.”

ಮರಿ ಹುಂಜವಾದರೆ ಪಾತ್ರೆಗೆ, ಹೆಣ್ಣಾದರೆ ಬದುಕಿಗೆ. ಹೇಳಿದ್ದು ತಪ್ಪಾದರೆ ಹೋಟೆಲಿನ ಕುರ್ಚಿ ಹೋಯಿತು. ಶಾಂತಲಿಂಗಪ್ಪ ಪಂಚಾಂಗ ಓದುವ ಭೂತಗನ್ನಡಿ ತರಿಸಿದರು. ತತ್ತಿಯ ಹೆಸರೆತ್ತಿದರೆ ಬಾಯಿ ತೊಳೆಯುವ ಮಾಣಿಕಮ್ಮ ಹೊಸ್ತಿಲಲ್ಲಿ ನಿಂತು “ಅದು ಒಳಗ ಬಂದ್ರ ನಾ ಹೊರಗ ಹೋಗ್ತೇನಿ” ಎಂದು ಮೊದಲೇ ಹೇಳಿಬಿಟ್ಟರು. ಆದ್ದರಿಂದ ಪರೀಕ್ಷೆ ಕಟ್ಟೆಯ ಮೇಲೇ ನಡೆಯಿತು. ಶಾಂತಲಿಂಗಪ್ಪ ಮರಿಯ ತಲೆಯನ್ನು ಗಾಜಿನಿಂದ ನೋಡಿದರು, ಕಾಲು ನೋಡಿದರು, ರೆಕ್ಕೆ ಬಿಡಿಸಿದರು, ಬಾಲದ ಕಡೆ ತಿರುಗಿಸಿದರು. ಬಾಲದ ಕಡೆಯಿಂದ ಮರಿ ತನ್ನ ಅಭಿಪ್ರಾಯವನ್ನು ಅವರ ಧೋತರದ ಮೇಲೆ ತಿಳಿಸಿತು.

“ಎರಡು ದಿನ ನೋಡೂಣು” ಎಂದರು ಶಾಂತಲಿಂಗಪ್ಪ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು. ಆದರೆ ಶಾಂತಲಿಂಗಪ್ಪನವರಿಗೆ ಒಂದು ದೌರ್ಬಲ್ಯ; ಎದುರಿಗಿರುವವರ ಮುಖ ಬಾಡಿದರೆ ಅವರು ತಡೆದುಕೊಳ್ಳಲಾರರು. ಮಧ್ಯಾಹ್ನ ಪಂಚಶೀಲಾ ಒಬ್ಬಳೇ ಬಂದು ಕಣ್ಣು ಒರೆಸಿಕೊಂಡು “ಖರೇ ಹೇಳ್ರಿ ಸಾಬ್ರ” ಎಂದಾಗ, ದನಿ ತಗ್ಗಿಸಿ “ಹೆಣ್ಣು ಕಾಣಾಕತ್ತದ. ಯಾರ ಮುಂದೂ ಅನಬ್ಯಾಡ” ಅಂದುಬಿಟ್ಟರು. ಸಂಜೆ ಜೈತುನಬಿ ಒಬ್ಬಳೇ ಬಂದು “ಅಳಿಯನ ಮುಂದ ನನ್ನ ಮರ್ಯಾದಿ ಅದರೀ” ಎಂದಾಗ, ಇನ್ನೂ ದನಿ ತಗ್ಗಿಸಿ “ಹುಂಜ ಇದ್ದಂಗ ಅದ. ಯಾರ ಮುಂದೂ ಅನಬ್ಯಾಡ” ಎಂದರು. ಇಬ್ಬರೂ ನಗುತ್ತ ಹೋದರು. ಒಂದೇ ದಿನದಲ್ಲಿ ಇಬ್ಬರನ್ನು ಸಂತೋಷಪಡಿಸಿದ ತೃಪ್ತಿಯಲ್ಲಿ ಶಾಂತಲಿಂಗಪ್ಪ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಮಾರನೆಯ ದಿನದಿಂದ ಆ ಮರಿಯ ಭಾಗ್ಯವೇ ಭಾಗ್ಯ. ಬೆಳಿಗ್ಗೆ ಪಂಚಶೀಲಾಳ ಅಂಗಳದಲ್ಲಿ ಅದರ ಹೆಸರು ಚಂದ್ರಿ. ತತ್ತಿ ಇಡುವ ಹುಡುಗಿ ಎಂದು ನುಚ್ಚಿನ ಜೊತೆ ಮೆಂತ್ಯ ಸೊಪ್ಪು. ಮಧ್ಯಾಹ್ನದ ಮೇಲೆ ಜೈತುನಬಿಯ ಅಂಗಳದಲ್ಲಿ ಅದರ ಹೆಸರು ನವಾಬ. ಮೈ ಹಿಡಿಯಲಿ ಎಂದು ಜೋಳದ ಜೊತೆ ನೆನೆಸಿದ ಕಡಲೆ. ಮರಿ ಎರಡು ಹೆಸರಿಗೂ ಓಡಿ ಬರುತ್ತಿತ್ತು. ಊಟದ ವಿಷಯದಲ್ಲಿ ಅದಕ್ಕೆ ಹೆಸರಿನ ಹಟ ಇರಲಿಲ್ಲ.

ಗುಟ್ಟು ಒಡೆದದ್ದು ನಲ್ಲಿಯ ಹತ್ತಿರ. ಜೈತುನಬಿ ಮಸಾಲೆ ಕುಟ್ಟಿಸಿದ ಸುದ್ದಿ ಹೇಳಿದಳು, ಪಂಚಶೀಲಾ ಮುಂದಿನ ಕಾವಿನ ಸುದ್ದಿ ಹೇಳಿದಳು, ಎರಡೂ ಒಂದೇ ಕೋಳಿಯ ಮೇಲೆ ಬಂದು ನಿಂತವು. ಕೊಡ ಅಲ್ಲೇ ಬಿಟ್ಟು ಇಬ್ಬರೂ ಕಟ್ಟೆಗೆ ಬಂದರು. ಹಿಂದೆ ಓಣಿಯೆಲ್ಲ ಬಂತು. ಖಂಡಪ್ಪ ಚಹಾದ ಕೆಟಲಿ ಹಿಡಿದುಕೊಂಡೇ ಬಂದ.

“ನನಗ ಹೆಣ್ಣು ಅಂದ್ರೀ!”

“ನನಗ ಹುಂಜ ಅಂದ್ರಲ್ರಿ!”

ಶಾಂತಲಿಂಗಪ್ಪ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಒರೆಸಲು ಇನ್ನೇನೂ ಉಳಿಯದಿದ್ದಾಗ ಹೇಳಿದರು. “ಎರಡೂ ಖರೇನೇ. ಮಧ್ಯಾಹ್ನದಾಗ ಹೆಣ್ಣಿನ ಲಕ್ಷಣ ಇತ್ತು, ಸಂಜಿಕ ಗಂಡಿನ ಲಕ್ಷಣ ಬಂತು. ಈ ವಯಸ್ಸಿನ್ಯಾಗ ಲಕ್ಷಣ ನಿಂದರಂಗಿಲ್ಲ. ದಿನಾ ಪರೀಕ್ಷಾ ಮಾಡಬೇಕಾಗ್ತದ.”

ಓಣಿ ಬೆರಗಾಯಿತು. ಖಂಡಪ್ಪ “ಓದಿದವರು ಓದಿದವರೇ ಬಿಡ್ರಿ” ಎಂದು ಅವರಿಗೊಂದು ಕಪ್ಪು ಚಹಾ ಬಗ್ಗಿಸಿದ.

ಅಂದಿನಿಂದ ವಾರಗಟ್ಟಲೆ ದಿನಾ ಸಂಜೆ ಕಟ್ಟೆಯ ಮೇಲೆ ಪರೀಕ್ಷೆ. ಒಬ್ಬರು ಮರಿಯನ್ನು ಕಾಲು ಹಿಡಿದು ತಲೆಕೆಳಗು ಮಾಡಿ ತೋರಿಸಲು ಹೇಳಿದರು. ತಲೆ ಎತ್ತಿದರೆ ಹುಂಜವಂತೆ. ಇನ್ನೊಬ್ಬರು ದಾರಕ್ಕೆ ಸೂಜಿ ಕಟ್ಟಿ ಬೆನ್ನಿನ ಮೇಲೆ ತೂಗಲು ಹೇಳಿದರು. ಗುಂಡಗೆ ತಿರುಗಿದರೆ ಹೆಣ್ಣಂತೆ. ಸೂಜಿ ಮೊದಲು ಗುಂಡಗೆ ತಿರುಗಿತು, ಆಮೇಲೆ ಉದ್ದಕ್ಕೆ ತೂಗಿತು, ಕೊನೆಗೆ ಮರಿ ಅದನ್ನು ನುಂಗಲು ಹೋಯಿತು. ಶಾಂತಲಿಂಗಪ್ಪ ಎಲ್ಲವನ್ನೂ ಗಾಜಿನಿಂದ ನೋಡಿ, ಜೈತುನಬಿಯ ಮುಖ ಬಾಡಿದ ದಿನ “ಇವತ್ತು ಗಂಡು”, ಪಂಚಶೀಲಾಳ ಮುಖ ಬಾಡಿದ ದಿನ “ಇವತ್ತು ಹೆಣ್ಣು” ಎಂದು ಸಾರುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಕಿಣ್ಣಿ ಸುಲ್ತಾನದಿಂದ ಟಂಟಂ ಗಾಡಿ ಮಾಡಿಕೊಂಡು ನೋಡಲು ಬಂದರು. ಕಟ್ಟೆಯ ಮುಂದೆ ಖಂಡಪ್ಪ ಮಿರ್ಚಿ ಭಜಿಯ ಒಲೆ ಹಚ್ಚಿದ.

ಸುದ್ದಿ ಬಸ್ಸು ಹತ್ತಿತು. ನರೋಣಾದಿಂದ ಹೊರಡುವಾಗ ಅದರಲ್ಲಿ ಕೋಳಿ ಇತ್ತು. ಗಾಣಗಾಪುರದಲ್ಲಿ ಭಕ್ತರ ಗದ್ದಲದ ನಡುವೆ ಕೋಳಿ ಇಳಿದುಹೋಯಿತೆಂದು ಕಾಣುತ್ತದೆ. ಅಫಜಲಪುರ ದಾಟಿ ಜೇವರ್ಗಿ ಮುಟ್ಟುವ ಹೊತ್ತಿಗೆ ಉಳಿದದ್ದು ಇಷ್ಟೇ: ನರೋಣಾದಲ್ಲಿ ಒಬ್ಬ ಡಾಕ್ಟರ್ ಇದ್ದಾನೆ, ಗಾಜು ಹಿಡಿದು ನೋಡಿ ಗಂಡೋ ಹೆಣ್ಣೋ ಹೇಳುತ್ತಾನೆ, ಎಲ್ಲರೆದುರಿಗೇ ಹೇಳುತ್ತಾನೆ.

ಮೊದಲು ಬಂದವಳು ಜೇವರ್ಗಿಯ ಭಾಗಮ್ಮ. ಜೊತೆಯಲ್ಲಿ ಏಳು ತಿಂಗಳ ಬಸುರಿ ಸೊಸೆ, ಬಸ್ಸಿನ ಕುಲುಕಾಟಕ್ಕೆ ಸುಸ್ತಾಗಿ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಸಾಬ್ರ, ಸ್ವಲ್ಪ ನಮ್ದೂ ನೋಡಿ ಹೇಳ್ರಿ” ಎಂದಳು ಭಾಗಮ್ಮ.

ಶಾಂತಲಿಂಗಪ್ಪ ಬುಟ್ಟಿ ಹುಡುಕಿದರು. “ಎಲ್ಲದ? ತಂದೀರೇನು?”

“ಇಲ್ಲೇ ಕುಂತಾಳಲ್ರಿ.”

ಅರ್ಥವಾದ ಕೂಡಲೇ ಶಾಂತಲಿಂಗಪ್ಪನವರ ಕೈಯಿಂದ ಭೂತಗನ್ನಡಿ ಜಾರಿತು. ಹೊಟ್ಟೆಯಲ್ಲಿರುವ ಕೂಸು ಗಂಡೋ ಹೆಣ್ಣೋ ಹೇಳುವುದು ಅಪರಾಧ ಎಂಬ ಬೋರ್ಡನ್ನು ಜನರ ದವಾಖಾನೆಯ ಗೋಡೆಯ ಮೇಲೆ ಎಷ್ಟೋ ಸಲ ನೋಡಿದ್ದರು. ಜೈಲು ಎಂಬ ಶಬ್ದ ಅದರಲ್ಲಿ ದಪ್ಪಗೆ ಇತ್ತು. “ಅಂಥಾ ಕೆಲಸ ನಾ ಮಾಡಂಗಿಲ್ಲ, ಮಾಡಂಗಿಲ್ಲ!” ಎಂದು ಕೂಗಿದರು. ಭಾಗಮ್ಮ ಕಣ್ಣು ಹೊಡೆದು “ಗೊತ್ತದ್ರಿ, ಎಲ್ಲಾ ಡಾಕ್ಟರ್‌ಗೋಳು ಮೊದಲ ಹಂಗೇ ಅಂತಾರ” ಎಂದಳು.

ಒಳಗಿನಿಂದ ಮಾಣಿಕಮ್ಮ ಲಟ್ಟಣಿಗೆ ಹಿಡಿದು ಬಂದರು. “ಹೆಣ್ಣಾದ್ರ ಏನ್ ಬೇ? ನೀ ಹೆಣ್ಣಲ್ಲೇನು? ನಿನಗ ಹಡೆದಾಕಿ ಹೆಣ್ಣಲ್ಲೇನು? ನಡಿ ಇಲ್ಲಿಂದ!” ಎಂದು ಭಾಗಮ್ಮನನ್ನು ಬಸ್‌ ನಿಲ್ದಾಣದವರೆಗೂ ನಡೆಸಿಕೊಂಡು ಹೋದರು. ಸೊಸೆಗೆ ಮಾತ್ರ ಮಜ್ಜಿಗೆ ಕುಡಿಸಿ, ಹಣೆಗೆ ಕುಂಕುಮ ಹಚ್ಚಿ, ಕೈಯಲ್ಲಿ ಎರಡು ಹೋಳಿಗೆ ಕೊಟ್ಟು ಕಳಿಸಿದರು. ಸೊಸೆ ಹೋಗುವಾಗ ಅವರನ್ನು ಮೂರು ಸಲ ತಿರುಗಿ ನೋಡಿದಳು.

ಆದರೆ ಅದರ ಹಿಂದೆಯೇ ಜೀಪು ಬಂತು. ಆರೋಗ್ಯದ ಕಡೆಯ ಅಧಿಕಾರಿ ಮೇಡಂ ಇಳಿದರು, ಹವಾಲ್ದಾರ್ ಸೂರ್ಯಕಾಂತ ಇಳಿದ. ಮೇಡಂ ಗೋಡೆಯ ಮೇಲಿನ ‘ಪಶುವೈದ್ಯ’ ಓದಿ ಹುಬ್ಬು ಗಂಟಿಕ್ಕಿದರು.

“ದನದ ಡಾಕ್ಟರ್ ಆಗಿ ಮನಷ್ಯಾರಿಗಿ ನೋಡ್ತೀರಿ? ಲಿಂಗ ಪತ್ತೆ ಮಾಡ್ತೀರಂತ ಕಂಪ್ಲೇಂಟ್ ಬಂದಾದ.”

“ನಾ ಡಾಕ್ಟರ್ ಅಲ್ರೀ” ಎಂದರು ಶಾಂತಲಿಂಗಪ್ಪ. ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದ ಮಾತು ಅದು. “ಗುಮಾಸ್ತ ಇದ್ದೆ. ಬರೇ ಗುಮಾಸ್ತ.”

ಓಣಿಯವರಿಗೆ ಇದನ್ನು ಕೇಳಿ ಕರುಳು ಚುರ್ ಎಂದಿತು. ತಮ್ಮ ಡಾಕ್ಟರರು ಪೊಲೀಸರಿಗೆ ಹೆದರಿ ಹೀಗೆ ತಮ್ಮನ್ನೇ ಕೀಳು ಮಾಡಿಕೊಳ್ಳುವುದೇ? ಖಂಡಪ್ಪ ಮುಂದೆ ಬಂದ.

“ಸುಳ್ಳ್ರಿ ಮೇಡಂ! ಭಾಳ ದೊಡ್ಡ ಡಾಕ್ಟರ್ ಇವ್ರು. ನಮ್ಮ ಎಮ್ಮಿ ಸಾಯಾಕತ್ತಿತ್ತು, ಕೈ ಸುದ್ದಾ ಹಚ್ಚಲಿಲ್ಲ, ಬರೇ ಮಾತಿನ್ಯಾಗ ಎಬ್ಬಿಸಿ ನಿಂದ್ರಿಸ್ಯಾರ.”

“ಖಂಡಪ್ಪ, ಸುಮ್ಮನಿರೋ ಮಾರಾಯ!”

“ಸಂಕೋಚದ ಮನಷ್ಯಾರು” ಎಂದಳು ಪಂಚಶೀಲಾ. “ಗಂಡೋ ಹೆಣ್ಣೋ ಹೇಳೋದ್ರಾಗ ಇವ್ರನ್ನ ಮೀರ್ಸೋರು ಜಿಲ್ಲಾದಾಗಿಲ್ಲ. ದಿನಾ ಹೇಳ್ತಾರ.”

“ಸಂಜಿಕ ಬರ್ರಿ, ನೋಡೋರು ಸಾಲು ಹಚ್ಚಿರ್ತಾರ” ಎಂದಳು ಜೈತುನಬಿ. ಶಾಂತಲಿಂಗಪ್ಪ ಎರಡು ಕೈಯಿಂದ ತಲೆ ಹಿಡಿದುಕೊಂಡರು. ಪ್ರೀತಿಯಿಂದ ಜನ ಒಬ್ಬ ಮನುಷ್ಯನನ್ನು ಎಷ್ಟು ಬೇಗ ಜೈಲಿಗೆ ಕಳಿಸಬಲ್ಲರು ಎಂಬುದು ಅವರಿಗೆ ಅಂದು ತಿಳಿಯಿತು.

“ಮಷೀನ್ ಎಲ್ಲದ?” ಎಂದ ಸೂರ್ಯಕಾಂತ. ಉತ್ತರಕ್ಕೆ ಕಾಯದೆ ಒಳಗೆ ನುಗ್ಗಿ, ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿಟ್ಟಿದ್ದ ಒಂದು ಕಬ್ಬಿಣದ ಯಂತ್ರವನ್ನು ಎತ್ತಿಕೊಂಡು ಗೆದ್ದವನಂತೆ ಹೊರಬಂದ. “ಸಿಕ್ತು ಮೇಡಂ! ಬಟ್ಟಿ ಮುಚ್ಚಿಟ್ಟಿದ್ರು.”

“ಏ, ಅದು ಶಾವಿಗಿ ಮಷೀನ್ ಅದೋ!” ಎಂದು ಮಾಣಿಕಮ್ಮ ಕೂಗಿದರು. “ಇಳಸು ಕೆಳಗ, ಮಡಿ ಕೆಡ್ತದ!”

ಸೂರ್ಯಕಾಂತ ನಂಬಲಿಲ್ಲ. ಹಿಡಿಕೆ ತಿರುಗಿಸಿದ. ಹೋದ ವರ್ಷದ ಒಣಗಿದ ಶಾವಿಗೆಯ ತುಂಡೊಂದು ಹೊರಬಂದು ಅವನ ಬೂಟಿನ ಮೇಲೆ ಬಿತ್ತು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು.

“ಒಂದು ನಿಮಿಷ” ಎಂದರು. “ಇವ್ರು ಗಂಡೋ ಹೆಣ್ಣೋ ಅಂತ ಹೇಳೋದು ಯಾರದು?”

“ಕೋಳಿದ್ರಿ!” ಎಂದಿತು ಇಡೀ ಓಣಿ. ಇದನ್ನು ಬಿಡಿಸಿ ಹೇಳುವ ಅಗತ್ಯವೇ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

ಪಂಚಶೀಲಾ ಬುಟ್ಟಿ ತಂದಳು. ಮೇಡಂ ನಗು ತಡೆದುಕೊಂಡರು. ಆದರೆ ಅಷ್ಟು ದೂರದಿಂದ ಜೀಪು ತಂದ ಮೇಲೆ ವಿಚಾರಣೆ ಪೂರ್ತಿ ಮಾಡಲೇಬೇಕಲ್ಲ. “ಸರಿ. ನೀವು ಡಾಕ್ಟರ್ ಹೌದೋ ಅಲ್ಲೋ ಈಗೇ ಗೊತ್ತಾಗ್ತದ. ಇದು ಗಂಡೋ ಹೆಣ್ಣೋ? ನನ್ನ ಮುಂದ ಹೇಳ್ರಿ.”

ಜೈತುನಬಿಯ ಅಳಿಯ ಮರುದಿನವೇ ಬರುವವನಿದ್ದ. ಅವಳು ಸೆರಗು ಬಿಗಿ ಮಾಡಿಕೊಂಡಳು. ಪಂಚಶೀಲಾಳ ಕಣ್ಣು ತುಂಬಿತ್ತು. ಶಾಂತಲಿಂಗಪ್ಪ ಮರಿಯ ಕಡೆ ನೋಡಿದರು. ಹುಂಜ ಎಂದರೆ ನಾಳೆ ಅದರ ಕತ್ತು ಹೋಗುತ್ತದೆ. ಹೆಣ್ಣು ಎಂದರೆ ಜೈತುನಬಿಯ ಮಾತು ಹೋಗುತ್ತದೆ. ಇಷ್ಟು ದಿನ ಮುಖ ನೋಡಿ ಹೇಳಿದ್ದರು. ಈಗ ಎರಡೂ ಮುಖ ಒಟ್ಟಿಗೆ ಬಾಡಿವೆ. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

“ನನಗ ಗೊತ್ತಿಲ್ರಿ” ಎಂದರು.

“ಏನಂದ್ರಿ?”

“ಗೊತ್ತಿಲ್ಲ. ಅವತ್ತೂ ಗೊತ್ತಿದ್ದಿಲ್ಲ, ಇವತ್ತೂ ಗೊತ್ತಿಲ್ಲ.”

ಮೇಡಂ ಪೆನ್ನು ಮುಚ್ಚಿದರು. “ಸೂರ್ಯಕಾಂತ, ಬಿಡ್ರಿ ಇವರಿಗಿ. ನಾ ಭಾಳ ಡಾಕ್ಟರ್‌ಗೋಳಿಗಿ ನೋಡೀನಿ. ಗೊತ್ತಿಲ್ಲ ಅಂದವ ಒಬ್ಬನೂ ಸಿಕ್ಕಿಲ್ಲ. ಇವರು ಗುಮಾಸ್ತರೇ.”

ಜೀಪು ಹೋಯಿತು. ಖಂಡಪ್ಪ ಭಜಿಯ ಒಲೆ ಆರಿಸಿದ. ಕುರ್ಚಿ ಹೋಯಿತು ಎಂದುಕೊಂಡರು ಶಾಂತಲಿಂಗಪ್ಪ. ಆಗ ಜೈತುನಬಿ ಬುಟ್ಟಿಯ ಮೇಲೆ ಬಗ್ಗಿದಳು.

“ಡಾಕ್ಟರ್ ಸಾಬ್ರಿಗೇ ಗೊತ್ತಿಲ್ಲ ಅಂದ್ರ ಯಾರಿಗೂ ಗೊತ್ತಿಲ್ಲ” ಎಂದಳು ನಿಧಾನಕ್ಕೆ. “ನಾಳೆ ನಾ ಕೊಯ್ದು, ಒಳಗ ನೋಡಿದ್ರ ಹೆಣ್ಣಿತ್ತು ಅಂದ್ರ? ಪರಾಯಿ ಮಾಲ್, ಮಂದಿ ಕೋಳಿ ಕೊಯ್ದಂಗಾಯ್ತು. ಅದು ಹರಾಮ್. ಅಳಿಯಗ ಅಂಥಾದ್ದು ಉಣಿಸ್ಲೇನು? ತಗೊಂಡ್ ನಡಿ ಪಂಚಶೀಲಾ, ಗೊತ್ತಾಗೋ ತನಕ ನಿನ್ನ ಕಡಿನೇ ಇರ್ಲಿ.”

“ಖಾಲಾ, ದಾವತ್?”

“ಬಗಾರಾ ಖಾನಾ ಮಾಡ್ತೇನಿ, ಖಟ್ಟಾ ದಾಲ್ ಮಾಡ್ತೇನಿ. ಅಳಿಯ ಹೊಟ್ಟಿ ತುಂಬ ಉಂಡು ಹೋಗ್ತಾನ. ಬೀಗರು ಕೇಳಿದ್ರ ಹುಂಜ ಪೊಲೀಸ್ ಕೇಸಿನ್ಯಾಗ ಸಿಕ್ಕೊಂಡಾದ ಅಂತೇನಿ.”

ಪಂಚಶೀಲಾ ಮರಿಯನ್ನು ಎದೆಗವಚಿಕೊಂಡು ಅತ್ತುಬಿಟ್ಟಳು. ಖಂಡಪ್ಪ ಹೋಗಿ ಕುರ್ಚಿ ಒರೆಸಿದ. ಕೇಳಿದವರಿಗೆ ಅವನು ಕೊಟ್ಟ ವಿವರಣೆ ಸ್ಪಷ್ಟವಾಗಿತ್ತು: ಸರ್ಕಾರವೇ ಜೀಪಿನಲ್ಲಿ ಬಂದು, ನೋಡಿ, ಮುಟ್ಟದೆ ಹೋದ ಮೇಲೆ, ಇಂಥ ಡಾಕ್ಟರ್ ಸುತ್ತ ಹತ್ತು ಹಳ್ಳಿಯಲ್ಲಿಲ್ಲ.

ದಾವತ್ ಚೆನ್ನಾಗಿ ಆಯಿತು. ಅಳಿಯ ಎರಡು ದಿನ ಇದ್ದು, ಖಟ್ಟಾ ದಾಲಿಗೆ ಮೂರು ಸಲ ಕೈ ನೆಕ್ಕಿ, ಮೂರನೆಯ ದಿನ ಬೆಳಿಗ್ಗೆ ನಸ್ರೀನಳೊಂದಿಗೆ ಬಸ್ಸು ಹತ್ತಿದ. ಅವರನ್ನು ಕಳಿಸಿ ಓಣಿಯವರೆಲ್ಲ ತಿರುಗಿ ಬರುತ್ತಿದ್ದರು. ಆಗ ಆ ಮರಿ ಎರಡು ಅಂಗಳದ ನಡುವಿನ ಗೋಡೆ ಹತ್ತಿತು, ಕತ್ತು ಚಾಚಿತು, ಒಡಕು ದನಿಯಲ್ಲಿ ಆದರೂ ಸಂಶಯಕ್ಕೆ ಎಡೆಯಿಲ್ಲದಂತೆ ಕೂಗಿತು.

“ಕೊಕ್ಕೊ... ಕ್ಕೋಓಓ!”

ಓಣಿ ನಿಂತುಬಿಟ್ಟಿತು. ಪಂಚಶೀಲಾಳ ಮುಖ ಬಿಳಿಚಿತು.

“ಏನದು?” ಎಂದಳು ಜೈತುನಬಿ.

“ಕೆ... ಕೆಮ್ಮಿತು, ಖಾಲಾ.”

ಜೈತುನಬಿ ಗೋಡೆಯ ಕಡೆ ನೋಡಿದಳು, ಪಂಚಶೀಲಾಳ ಕಡೆ ನೋಡಿದಳು, ಆಮೇಲೆ ಶಾಂತಲಿಂಗಪ್ಪನವರ ಕಡೆ ತಿರುಗಿದಳು. “ಡಾಕ್ಟರ್ ಸಾಬ್ರ, ನೀವೇ ಹೇಳ್ರಿ. ಏನಿದು?”

ಶಾಂತಲಿಂಗಪ್ಪ ಕಟ್ಟೆ ಇಳಿದು ಬಂದರು. ಕೂಗುವ ರಭಸಕ್ಕೆ ಪುಟ್ಟ ತುರಾಯಿ ಕೆಂಪಾಗಿ ಎದ್ದಿತ್ತು, ಬಾಲದಲ್ಲಿ ಬಾಗಿದ ಗರಿಯೊಂದು ಇಣುಕುತ್ತಿತ್ತು. ಗಾಜಿನ ಅಗತ್ಯವೇ ಇರಲಿಲ್ಲ. ಇಷ್ಟು ವರ್ಷದ ವೈದ್ಯಕೀಯದಲ್ಲಿ ಅವರಿಗೆ ಒಂದು ಪ್ರಾಣಿಯ ವಿಷಯ ಖಚಿತವಾಗಿ ಗೊತ್ತಾದದ್ದು ಇದೇ ಮೊದಲು. ಅವರು ಗಂಟಲು ಸರಿಮಾಡಿಕೊಂಡರು.

“ಕೆಮ್ಮೇ. ಗಂಟಲದ ಬ್ಯಾನಿ. ಹೆಣ್ಣುಕೋಳಿಗಿ ಈ ಹವಾದಾಗ ಬರ್ತದ.”

“ಎಷ್ಟು ದಿನ ಇರ್ತದ್ರಿ?”

“ಹೋಗಂಗಿಲ್ಲ. ದಿನಾ ನಸುಕಿನ್ಯಾಗ ಬರ್ತದ. ಇದಕ್ಕ ದವಾ ಇಲ್ಲ.”

ಜೈತುನಬಿ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು. “ಬ್ಯಾನಿ ಕೋಳಿ ಯಾರು ತಿಂತಾರ ಬಿಡು” ಎಂದು, ಒಳಗೆ ಹೋಗಿ ಒಂದು ಹಿಡಿ ಜೋಳ ತಂದು ಗೋಡೆಯ ಕೆಳಗೆ ಎರಚಿದಳು. ಕೋಳಿ ಮತ್ತೊಮ್ಮೆ, ಈ ಸಲ ಇನ್ನೂ ಜೋರಾಗಿ, ರೆಕ್ಕೆ ಬಡಿದು ಕೂಗಿತು. ಇಡೀ ಓಣಿ ಒಂದೇ ದನಿಯಲ್ಲಿ “ಅಯ್ಯ ಪಾಪ, ಎಂಥಾ ಕೆಮ್ಮು!” ಎಂದಿತು.